ಏನೂ ಇಲ್ಲದ ತಿಂಡಿಯ ಡಬ್ಬ

ನದಿ ತನ್ನ ದಡವನ್ನು ತಾನೇ ಹೇಗೆ ತಿನ್ನುತ್ತಾ ಹೋಗುತ್ತದೆ ಎಂಬುದನ್ನು ಲಯನಲ್ ಹೆಪ್‌ವರ್ತ್ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದಾಗ ಬ್ರೋನಾ ಕ್ವಿನ್ ಬಾಗಿಲ ಸಂದಿಯಲ್ಲಿ ತಲೆ ತೂರಿಸಿ, "ಡಬ್ಬ ಬಂತು!" ಅಂದಳು. ಬ್ರೋನಾ ಶಾಲೆಯ ಆಫೀಸು ನೋಡಿಕೊಳ್ಳುವವಳು. ಐರ್ಲೆಂಡಿನಿಂದ ಇಂಗ್ಲೆಂಡಿನ ಕೀತ್ಲಿಗೆ ಬಂದು ನೆಲೆಸಿದ ಮೇಲೆ ಗಂಡನನ್ನೂ ನಗುವನ್ನೂ ಒಟ್ಟಿಗೆ ಕಳೆದುಕೊಂಡ ಹೆಂಗಸು ಎಂದು ಸ್ಟಾಫ್ ರೂಮಿನಲ್ಲಿ ಮಾತಿತ್ತು. ಆದರೆ ತಿಂಗಳಿಗೊಂದು ಶುಕ್ರವಾರ ಈ ಎರಡು ಪದ ಹೇಳುವಾಗ ಮಾತ್ರ ಅವಳ ಮುಖಕ್ಕೆ ಹಬ್ಬದ ಕಳೆ ಬರುತ್ತಿತ್ತು. ತರಗತಿಯ ಹುಡುಗಿಯರು "ಓ..." ಎಂದು ರಾಗ ಎಳೆದರು. ಲಯನಲ್ ಮಾರ್ಕರ್ ಕೆಳಗಿಟ್ಟು ಸಂತೋಷಗೊಂಡವನ ಹಾಗೆ ನಕ್ಕ. ಆ ನಗು ಅವನಿಗೆ ಈಗ ಅಭ್ಯಾಸವಾಗಿಬಿಟ್ಟಿತ್ತು; ನಗುವುದಕ್ಕೆ ಮೊದಲು ಹುಬ್ಬು ಸ್ವಲ್ಪ ಮೇಲೇರಬೇಕು, ಆಮೇಲೆ ತುಟಿ. ತುಟಿ ಮೊದಲು ಅಲುಗಿದರೆ ಜನ ಅನುಮಾನಿಸುತ್ತಾರೆ. ಇಷ್ಟೆಲ್ಲ ತಿಳಿದುಕೊಂಡಿದ್ದೇನಲ್ಲ ಎಂದು ಅವನಿಗೇ ಒಮ್ಮೊಮ್ಮೆ ಹೇಸಿಗೆಯಾಗುತ್ತಿತ್ತು. ಆದರೆ ಆ ಹೇಸಿಗೆ ಊಟದ ಹೊತ್ತಿಗೆ ಇಳಿದುಹೋಗುತ್ತಿತ್ತು.

ಡಬ್ಬ ಸ್ಟಾಫ್ ರೂಮಿನ ನಡುಮೇಜಿನ ಮೇಲೆ ಕೂತಿತ್ತು. ಅಂಚೆಯವನು ಬಾಗಿಲ ಸೀಳಿನಿಂದ ಒಳಗೆ ಹಾಕುವಷ್ಟು ಚಪ್ಪಟೆ, ತಿಳಿಹಸಿರು, ಮುಚ್ಚಳದ ಮೇಲೆ ಕೈಬೀಸುವ ಕರಡಿಮರಿ. ಕರಡಿಯ ಕೆಳಗೆ ದುಂಡು ಅಕ್ಷರಗಳಲ್ಲಿ: ಹಾಲಿಲ್ಲ, ಮೊಟ್ಟೆಯಿಲ್ಲ, ಗೋಧಿಯಿಲ್ಲ, ಸೋಯಾ ಇಲ್ಲ, ಎಳ್ಳಿಲ್ಲ, ಬಾದಾಮಿ ಅಕ್ರೋಟುಗಳ ಸುಳಿವೂ ಇಲ್ಲ, ಚಿಂತೆಯೂ ಇಲ್ಲ! ಅವನಿಗೆ ಐವತ್ತು ತುಂಬಿದ ದಿನ ಎಲ್ಲರೂ ಸೇರಿ ಕೊಟ್ಟ ಉಡುಗೊರೆ ಇದು, ವರ್ಷದ ಚಂದಾ. ಒಂದು ದಿನ ತಿಂದು ಮರೆಯುವ ಉಡುಗೊರೆಯಾಗಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಇದು ಹಾಗಲ್ಲ, ತಿಂಗಳು ತಿಂಗಳೂ ಬಾಗಿಲು ತಟ್ಟುವ ಪ್ರೀತಿ. ಪ್ರತಿ ಸಲವೂ ಒಳಗೊಂದು ಚೀಟಿ: "ಪ್ರೀತಿಯ ಲಯನಲ್, ನಿನಗೂ ಸಿಹಿ ತಿನ್ನುವ ಹಕ್ಕಿದೆ." ಅವನು ಕತ್ತರಿ ಕೇಳಿದ. ಮುಚ್ಚಳ ತೆಗೆದ. ಕಡಲೆಹಿಟ್ಟಿನ ಬ್ರೌನಿ, ಬೀಟ್‌ರೂಟಿನ ಬಿಸ್ಕತ್ತು, ಚಾಕೊಲೇಟಿನಂತೆ ಕಾಣುವ ಆದರೆ ಚಾಕೊಲೇಟಲ್ಲದ ನಾಣ್ಯಗಳು. ಗಣಿತದ ಡೋರೀನ್ ಟಾಟರ್ಸಲ್ ತನ್ನ ಕೇಕಿನ ತುಂಡನ್ನು ಅವನಿಂದ ದೂರ ಸರಿಸಿ, ಕೈ ತೊಳೆದು ಬಂದು, ಎದುರಿಗೇ ಕೂತಳು. "ತಿನ್ನು ಚಿನ್ನ, ನಾವೂ ನೋಡ್ಬೇಕು ನೀನು ತಿನ್ನೋದನ್ನ." ಅವನು ಬ್ರೌನಿ ಕಚ್ಚಿದ. ಹೊಸ ಮನೆಯ ಗೋಡೆಗೆ ನಾಲಿಗೆ ತಾಗಿಸಿದ ಹಾಗಿತ್ತು. "ಆಹಾ," ಅಂದ. ಎಲ್ಲರೂ ಒಟ್ಟಿಗೆ ಉಸಿರುಬಿಟ್ಟರು.

ಅವನಿಗೆ ಅಲರ್ಜಿ ಇರಲಿಲ್ಲ. ಯಾವುದಕ್ಕೂ ಇರಲಿಲ್ಲ. ಶನಿವಾರಗಳಂದು ಲೀಡ್ಸಿಗೆ ರೈಲು ಹತ್ತಿ, ಪರಿಚಯದವರು ಯಾರೂ ಬಾರದ ತುರ್ಕಿ ಅಂಗಡಿಯೊಂದರಲ್ಲಿ ಪಿಸ್ತಾ ತುಂಬಿದ ಸಿಹಿಯನ್ನು, ಗೋಡೆಯ ಕಡೆ ಮುಖ ಮಾಡಿ ಕೂತು, ಕಳ್ಳ ಪ್ರೇಯಸಿಯ ಮನೆಗೆ ಹೋದವನ ಹಾಗೆ ತಿಂದು ಬರುತ್ತಿದ್ದ. ಈ ಶಾಲೆಗೆ ಬಂದ ಹೊಸದರಲ್ಲಿ ಇದೇ ಡೋರೀನ್ ಕಾಫಿ ಹಾಕಿದ ಅಕ್ರೋಟಿನ ಕೇಕು ತಂದಿದ್ದಳು. ಅದರಲ್ಲೊಂದು ಬೆಕ್ಕಿನ ಕೂದಲಿತ್ತು. ತೆಳುವಾಗಿ, ಬೆಳಕಿಗೆ ಹಿಡಿದರೆ ಕೆಂಚಗೆ. ಅವಳೋ ತಟ್ಟೆ ಖಾಲಿಯಾಗುವವರೆಗೆ ಕಣ್ಣು ಕೀಳದ ಹೆಂಗಸು. "ಅಕ್ರೋಟು ನನಗೆ ಒಗ್ಗಲ್ಲ," ಎಂದಿದ್ದ. ಅಷ್ಟೇ. "ಒಗ್ಗಲ್ಲ ಅಂದ್ರೆ? ಅಲರ್ಜಿನಾ? ಅಯ್ಯೋ ದೇವರೇ, ನಾನೀಗ ನಿನ್ನ ಕೊಂದೇಬಿಡ್ತಿದ್ನಲ್ಲೋ!" ಎಂದು ಡೋರೀನ್ ತಟ್ಟೆಯನ್ನು ಕಿತ್ತುಕೊಂಡು ಕಿಟಕಿಯಾಚೆ ಎಸೆದಿದ್ದಳು, ತಟ್ಟೆಯ ಸಮೇತ. ಅವನು ಹೇಳಿದ್ದು ಒಂದೇ ಮಾತು, ಮಿಕ್ಕಿದ್ದೆಲ್ಲ ಬೇರೆಯವರು ಸೇರಿಸಿಕೊಂಡದ್ದು. ಫ್ರಿಜ್ಜಿನ ಮೇಲೆ ಅವನ ಫೋಟೋ ಅಂಟಿಸಿ "ಇವರ ಜೀವ ನಮ್ಮ ಕೈಯಲ್ಲಿದೆ" ಎಂದು ಬರೆದವರು ಬೇರೆಯವರು. ಕೋಟಿನ ಜೇಬಿನಲ್ಲಿ ಉಬ್ಬಿ ಕಾಣುತ್ತಿದ್ದ ಕನ್ನಡಕದ ಹಳದಿ ಡಬ್ಬಿಯನ್ನು, ಅಲರ್ಜಿ ಏರಿದಾಗ ತೊಡೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಪೆನ್ನು ಎಂದುಕೊಂಡವರು ಬೇರೆಯವರು. ಪ್ರತಿ ಸೆಪ್ಟೆಂಬರಿನಲ್ಲಿ ನರ್ಸು ಬಂದು ಶಿಕ್ಷಕರಿಗೆಲ್ಲ ಪೆನ್ನು ಚುಚ್ಚುವುದನ್ನು ಕಲಿಸುವಾಗ ಅವನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, "ಉದಾಹರಣೆಗೆ ನಮ್ಮ ಲಯನಲ್," ಅನ್ನುತ್ತಿದ್ದವಳು ನರ್ಸು. ಅವನು ಮಾಡಿದ್ದು ಯಾರನ್ನೂ ತಿದ್ದದೆ ಇದ್ದದ್ದು ಮಾತ್ರ. ಕೊನೆಗೊಮ್ಮೆ ದೇವರೆದುರು ನಿಲ್ಲಬೇಕಾಗಿ ಬಂದರೆ ಈ ವಾದವನ್ನೇ ಮಂಡಿಸುವುದೆಂದು ಅವನು ತೀರ್ಮಾನಿಸಿಕೊಂಡಿದ್ದ. ದೇವರೂ ಕಮಿಟಿಯೊಂದರ ಅಧ್ಯಕ್ಷನೇ ಇರಬೇಕು, ಒಪ್ಪಿಕೊಂಡಾನು.

ಆದರೆ ಸ್ನಾನದ ತೊಟ್ಟಿಯಲ್ಲಿ ಮಲಗಿ ನೀರು ತಣ್ಣಗಾಗುವವರೆಗೆ ಯೋಚಿಸುವಾಗ ಅವನಿಗೆ ಇನ್ನೊಂದು ಸಂಗತಿ ತಿಳಿಯುತ್ತಿತ್ತು, ಅದನ್ನು ಯಾವ ಕಮಿಟಿಯ ಮುಂದೆಯೂ ಇಡುವಂತಿರಲಿಲ್ಲ. ಅವನು ಚಿಕ್ಕವನಿದ್ದಾಗ ತಾಯಿ ಬಿಂಗ್ಲಿಯ ಮನೆಯಲ್ಲಿ ಬೇಯಿಸಿದ ಕುರಿಯ ಯಕೃತ್ತನ್ನು ರಾತ್ರಿ ತಿನ್ನದೆ ಬಿಟ್ಟರೆ ಬೆಳಿಗ್ಗೆ, ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನ, ಅದೇ ತಟ್ಟೆಯಲ್ಲಿ, ಅದೇ ಜಾಗದಲ್ಲಿ ತಂದಿಡುತ್ತಿದ್ದಳು. ಬೈಯುತ್ತಿರಲಿಲ್ಲ. ಬೈದಿದ್ದರೆ ತನ್ನನ್ನು ನೋಡಿದಳು ಎಂದಾದರೂ ಆಗುತ್ತಿತ್ತು. ಆ ಮನೆಯಿಂದ ಹೊರಬಿದ್ದ ಮೇಲೆಯೂ, ಎರಡು ಊರು, ಮೂರು ಶಾಲೆ, ಹೇಳಿಕೊಳ್ಳುವಂಥದ್ದಲ್ಲದ ಒಂದು ಪ್ರೇಮ, ಇಷ್ಟರಲ್ಲಿ ಯಾರೂ ಅವನನ್ನು "ನಿಮಗೆ ಇದು ಆಗುತ್ತಾ?" ಎಂದು ಕೇಳಿರಲಿಲ್ಲ. ಡೋರೀನ್ ತಟ್ಟೆ ಎಸೆದ ದಿನದಿಂದ ಎಲ್ಲರೂ ಕೇಳತೊಡಗಿದರು. ಕ್ರಿಸ್‌ಮಸ್ ಊಟಕ್ಕೆ ಹೋಟೆಲಿಗೆ ಹೋದರೆ ಅಡುಗೆಯವನೇ ಹೊರಗೆ ಬಂದು ಬಾಗಿ ಕೇಳುತ್ತಿದ್ದ. ಒಂದು ಕೋಣೆಗೆ ಅವನು ಕಾಲಿಟ್ಟರೆ ಜನ ತಮ್ಮ ಕೈಯಲ್ಲಿರುವುದನ್ನು ನೋಡಿಕೊಳ್ಳುತ್ತಿದ್ದರು. ರಾಜರಿಗೆ ಸಿಗುವಂಥ ಭಯ, ಮಕ್ಕಳಿಗೆ ಸಿಗುವಂಥ ಮುತುವರ್ಜಿ, ಎರಡೂ ಅವನಿಗೆ ಬಿಟ್ಟಿಯಾಗಿ ಸಿಕ್ಕಿದ್ದವು. ಈಗ ಸಾಯದೆ ಬದುಕಿರುವುದೇ ಅವನ ಸಾಧನೆಯಾಗಿತ್ತು. ಇಷ್ಟು ಸುಲಭದ ಸಾಧನೆಯನ್ನು ಯಾರು ಬಿಟ್ಟಾರು?

"ಸರ್, ಆ ನಾಣ್ಯ ನನಗೆ," ಎಂದಳು ಓರ್ಲಾ. ಡಬ್ಬ ಬರುವ ಶುಕ್ರವಾರಗಳಂದು ಬ್ರೋನಾ ತನ್ನ ಮಗಳನ್ನು ಸ್ಟಾಫ್ ರೂಮಿನೊಳಕ್ಕೆ ಕರೆದುಕೊಂಡು ಬರುತ್ತಿದ್ದಳು. ಅದೇ ಶಾಲೆಯ ಹುಡುಗಿ, ಹದಿಮೂರು ತುಂಬುತ್ತಿತ್ತು, ಮೊಣಕೈಯೆಲ್ಲ ಮೂಳೆ, ನೇರವಾಗಿ ನೋಡುವ ಕಣ್ಣು. ಅವಳ ಅಲರ್ಜಿ ನಿಜವಾದದ್ದು. ಹಸುಗೂಸಾಗಿದ್ದಾಗ ಒಮ್ಮೆ, ಐದನೇ ವಯಸ್ಸಿನಲ್ಲಿ ಇನ್ನೊಮ್ಮೆ ಆಸ್ಪತ್ರೆ ಸೇರಿ ಸಾವಿನ ಬಾಗಿಲವರೆಗೆ ಹೋಗಿ ಬಂದವಳು. ಲಯನಲ್ ನಾಣ್ಯ ಕೊಟ್ಟ. ಇಬ್ಬರೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಅವಳು ಮುಖ ಕಿವುಚಿ, "ಥೂ, ಇದು ಬಾಗಿಲ ಹಿಡಿಕೆ ನೆಕ್ಕಿದ ಹಾಗಿದೆ ಸರ್," ಅಂದಳು. ಅವನಿಗೆ ನಗು ಬಂತು, ಈ ಸಲ ತುಟಿ ಮೊದಲು. ಬ್ರೋನಾ ಬಾಗಿಲಿಗೊರಗಿ ಅವರಿಬ್ಬರನ್ನೂ ನೋಡುತ್ತಿದ್ದಳು. ಆ ನೋಟದಲ್ಲಿ ಏನಿದೆ ಎಂದು ಅವನು ಬಹಳ ಸಲ ಯೋಚಿಸಿದ್ದ. ಪ್ರೀತಿಯಿರಬಹುದೆಂದು ಹೆದರಿ, ಒಂದಷ್ಟು ವಾರ ಹೊಸ ಟೈ ಕಟ್ಟಿಕೊಂಡು ಬಂದದ್ದೂ ಉಂಟು. ಓರ್ಲಾ ಕೇಳುತ್ತಿದ್ದಳು: "ಸರ್, ಹೋಟೆಲಲ್ಲಿ ನೀವು ಕೇಳೋಕೆ ನಾಚ್ಕೋತೀರಾ? ಸರ್, ಬಸ್ಸಲ್ಲಿ ಪಕ್ಕದವರು ಕಡಲೆಕಾಯಿ ತಿಂತಿದ್ರೆ ಎದ್ದು ಹೋಗ್ತೀರಾ?" ಅವನು ಉತ್ತರ ಕೊಡುತ್ತಿದ್ದ. ಉತ್ತರಗಳನ್ನು ರಾತ್ರಿ ಕಂಪ್ಯೂಟರಿನಲ್ಲಿ, ಅಲರ್ಜಿಯಿರುವ ಮಕ್ಕಳ ತಾಯಂದಿರು ಬರೆದುಕೊಂಡ ಗೋಳುಗಳಿಂದ ಆರಿಸಿ ತರುತ್ತಿದ್ದ. ಒಳ್ಳೆಯ ಶಿಕ್ಷಕ ಪಾಠಕ್ಕೆ ಸಿದ್ಧನಾಗಿ ಬರುತ್ತಾನೆ.

ಮರುವಾರ ಬಯಲಿನ ಪಾಠ. ಊರ ಹೊರಗಿನ ಗುಡ್ಡದ ಮೇಲೆ ಹೀತ್ ಎಂಬ ಕುರುಚಲು ಗಿಡಗಳ ನಡುವೆ ಇಳಿಯುವ ಹಳ್ಳವೊಂದರ ಅಗಲ, ಆಳ, ವೇಗ ಅಳೆಯುವುದು. ಪ್ರತಿ ವರ್ಷ ಅಳೆಯುತ್ತಿದ್ದರು, ಪ್ರತಿ ವರ್ಷವೂ ಅದು ಸರಿಸುಮಾರು ಅಷ್ಟೇ ಇರುತ್ತಿತ್ತು. ಜೊತೆಗೆ ಬರಬೇಕಾಗಿದ್ದ ಶಿಕ್ಷಕಿಗೆ ಜ್ವರ ಬಂದು ಡೋರೀನ್ ಬಂದಿದ್ದಳು, ಸೊಂಟ ನೋವೆಂದು ಗೊಣಗುತ್ತಾ, ಮಳೆಕೋಟಿನ ಗುಂಡಿ ತಪ್ಪಾಗಿ ಹಾಕಿಕೊಂಡು. ಬಸ್ಸು ಮೇಲೆ ರಸ್ತೆಯಂಚಿನಲ್ಲಿ ನಿಂತಿತು. ಹಳ್ಳಕ್ಕೆ ಕೆಸರಿನ ಇಳಿಜಾರು. ತುಂತುರು ಹನಿಯುತ್ತಿತ್ತು. ಇಳಿಯುವಾಗ ಓರ್ಲಾ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಸರ್, ನನ್ನ ಬ್ಯಾಗು ಬಸ್ಸಲ್ಲೇ ಬಿಡ್ಲಾ? ಟೇಪು, ಕೋಲು ಎಲ್ಲ ನಾನೇ ಹೊರ್ಬೇಕು. ಹೇಗೂ ನಿಮ್ಮ ಪೆನ್ನು ಇದ್ಯಲ್ಲ?" ಎಂದಳು. ಅವಳ ಪೆನ್ನಿರುವ ಆ ಬ್ಯಾಗು ಹೆಗಲಿನಿಂದ ಇಳಿಯಕೂಡದು ಎಂಬುದು ಬ್ರೋನಾಳ ಕಟ್ಟಾಜ್ಞೆ ಎಂದು ಅವನಿಗೆ ಗೊತ್ತಿತ್ತು. ಲಯನಲ್ ಕೋಟಿನ ಎದೆಜೇಬನ್ನು ಅಂಗೈಯಿಂದ ಮೆಲ್ಲಗೆ ತಟ್ಟಿದ. ಎಷ್ಟು ಸಹಜವಾಗಿ ತಟ್ಟಿದನೆಂದರೆ, ಆ ಗಳಿಗೆಯಲ್ಲಿ ಒಳಗೆ ಪೆನ್ನಿದೆ ಎಂದೇ ಅವನು ನಂಬಿದ್ದ. ಓರ್ಲಾ ಬ್ಯಾಗನ್ನು ಸೀಟಿನ ಮೇಲೆಸೆದು ಹಾರಿ ಇಳಿದಳು.

ಊಟದ ಹೊತ್ತಿಗೆ ಹುಡುಗಿಯರು ಬಂಡೆಗಳ ಮೇಲೆ ಕೂತಿದ್ದರು. ಲಯನಲ್ ಸ್ವಲ್ಪ ದೂರದಲ್ಲಿ ನೀರು ನೋಡುತ್ತಾ ನಿಂತು, ಬ್ರೋನಾಳನ್ನು ಒಂದು ದಿನ ಚಹಾಕ್ಕೆ ಕರೆದರೆ ಅಂಗಡಿಯವನ ಬಳಿ ಎಷ್ಟು ಹೊತ್ತು ನಾಟಕವಾಡಬೇಕಾದೀತು ಎಂದು ಲೆಕ್ಕ ಹಾಕುತ್ತಿದ್ದ. ಆಗ ಓರ್ಲಾ ಬಂದು ಪಕ್ಕದಲ್ಲಿ ನಿಂತಳು. ಗುಟ್ಟು ಹೇಳುವವಳ ಹಾಗೆ, ತಗ್ಗಿದ ದನಿಯಲ್ಲಿ, "ಸರ್, ಶುರುವಾಯ್ತು," ಅಂದಳು. "ಏನು?" "ಮೇಗನ್ ಓಟ್ಸ್ ಬಿಸ್ಕತ್ತು ಕೊಟ್ಲು. ಕೇಳ್ದೆ, ಏನೂ ಇಲ್ಲ ಅಂದ್ಲು. ಅವಳ ಅಜ್ಜಿ ಮಾಡಿದ್ದಂತೆ. ನಾಲಿಗೆ ದಪ್ಪ ಆಗ್ತಿದೆ ಸರ್." ಅವಳ ತುಟಿ ಆಗಲೇ ಬೇರೆ ಯಾರದೋ ತುಟಿಯಂತಿತ್ತು. ಕತ್ತಿನ ಮೇಲೆ ಕೆಂಪು ಏರುತ್ತಿತ್ತು. ಅವನು ಅವಳನ್ನು ಹುಲ್ಲಿನ ಮೇಲೆ ಮಲಗಿಸಿದ, ಕಾಲ ಕೆಳಗೆ ತನ್ನ ಚೀಲವಿಟ್ಟ. ಇದೆಲ್ಲ ಅವನಿಗೆ ಬರುತ್ತಿತ್ತು, ಪ್ರತಿ ಸೆಪ್ಟೆಂಬರೂ ಮುಂದಿನ ಕುರ್ಚಿಯಲ್ಲೇ ಕೂತವನು. ಡೋರೀನ್ ಏದುತ್ತಾ ಬಂದಳು. "ಪೆನ್ನು ಕೊಡೋ ಲಯನಲ್! ನಿಂದು ಕೊಡು!" ಹುಡುಗಿಯರು ಸುತ್ತ ನಿಂತರು. "ಸರ್‌ಗೆ ಗೊತ್ತು, ಸರ್‌ಗೆ ಎಲ್ಲ ಗೊತ್ತು," ಎಂದು ಮೇಗನ್ ಅಳುತ್ತಿದ್ದಳು. ಅವನ ಕೈ ಜೇಬಿಗೆ ಹೋಯಿತು, ಹಳದಿ ಡಬ್ಬಿಯನ್ನು ತೆಗೆಯಿತು. ಆ ಕೈ ಏನು ಮಾಡುತ್ತಿದೆ ಎಂದು ಅವನೂ ಎಲ್ಲರಂತೆ ನೋಡುತ್ತಿದ್ದ. ಡಬ್ಬಿ ತೆರೆಯಿತು. ಒಳಗೆ ಕಂದು ಚೌಕಟ್ಟಿನ ಓದುವ ಕನ್ನಡಕ ಕಾಲು ಮಡಚಿ ಮಲಗಿತ್ತು.

ಡೋರೀನ್ ಕನ್ನಡಕವನ್ನು ನೋಡಿದಳು, ಅವನನ್ನು ನೋಡಿದಳು, "ಇವಳ ಬ್ಯಾಗೆಲ್ಲಿ?" ಅಂದಳು. "ಬಸ್ಸಲ್ಲಿ," ಎಂದು ಯಾರೋ ಹೇಳಿದರು. ಅರವತ್ತರ ಹೆಂಗಸು, ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಎರಡು ಸಲ ನಿಲ್ಲುವವಳು, ಮಳೆಕೋಟನ್ನು ಕಿತ್ತೆಸೆದು ಆ ಕೆಸರಿನ ಏರಿನಲ್ಲಿ ಓಡತೊಡಗಿದಳು. ಬಿದ್ದಳು. ನಾಲ್ಕು ಕಾಲಲ್ಲಿ ಹತ್ತಿದಳು. ಎದ್ದು ಮತ್ತೆ ಓಡಿದಳು, ಆಂಬ್ಯುಲೆನ್ಸ್ ಕರೆಯಲು ಮೇಲಿದ್ದ ಡ್ರೈವರನಿಗೆ ಕೂಗುತ್ತಾ. ಲಯನಲ್ ಅವಳ ಹಿಂದೆ ಓಡಬೇಕಾಗಿತ್ತು, ಅವಳಿಗಿಂತ ಹತ್ತು ವರ್ಷ ಚಿಕ್ಕವನು. ಓಡಲಿಲ್ಲ. ಹುಡುಗಿಯ ಜೊತೆ ಯಾರಾದರೂ ಇರಬೇಕಲ್ಲ ಎಂದುಕೊಂಡ. ಅದು ನಿಜವೂ ಆಗಿತ್ತು, ಅವನ ವಾದಗಳೆಲ್ಲ ಯಾವಾಗಲೂ ನಿಜವೇ ಆಗಿರುತ್ತಿದ್ದವು. ಕೈಯಲ್ಲಿ ಕನ್ನಡಕ ಉಳಿದಿತ್ತು. ಅದನ್ನೇನು ಮಾಡಬೇಕೋ ತಿಳಿಯದೆ ಮೂಗಿನ ಮೇಲೆ ಏರಿಸಿಕೊಂಡ. ತಕ್ಷಣ ಓರ್ಲಾಳ ಮುಖ ದೊಡ್ಡದಾಗಿ ಹತ್ತಿರ ಬಂತು. ಊದಿದ ರೆಪ್ಪೆಯ ಒಂದೊಂದು ಕೂದಲು, ತುಟಿಯ ಮೇಲಿನ ಬಿಸ್ಕತ್ತಿನ ಪುಡಿ, ರೆಪ್ಪೆಗಳ ಸಂದಿಯಲ್ಲಿ ಇನ್ನೂ ತೆರೆದಿದ್ದ ಆ ನೇರ ಕಣ್ಣು. ಅವಳು ಕನ್ನಡಕವನ್ನೇ ನೋಡುತ್ತಿದ್ದಳು. ಉಸಿರು ಒಳಗೆ ಹೋಗುವಾಗ ಸಣ್ಣಗೆ ಶಿಳ್ಳೆ ಕೇಳುತ್ತಿತ್ತು. ಇದನ್ನು ಅವನು ಎಷ್ಟೋ ಸಲ ವರ್ಣಿಸಿದ್ದ, ಉಪಮೆಗಳ ಸಮೇತ. ಅವನ ಯಾವ ಉಪಮೆಯೂ ಹೀಗಿರಲಿಲ್ಲ. "ಸರ್, ಏನಾದ್ರೂ ಮಾಡಿ!" ಎಂದು ಮೇಗನ್ ಅವನ ತೋಳು ಹಿಡಿದು ಜಗ್ಗಿದಳು. ಅವನು ಓರ್ಲಾಳ ಕೈ ಹಿಡಿದುಕೊಂಡ. ಅವಳು ಕೈಯನ್ನು ಎಳೆದುಕೊಂಡಳು.

ಡೋರೀನ್ ಜಾರುತ್ತಾ ಬಂದು ಮಂಡಿಯೂರಿ, ಪೆನ್ನಿನ ಮುಚ್ಚಳ ಹಲ್ಲಿನಿಂದ ಕಿತ್ತು, ಪ್ಯಾಂಟಿನ ಮೇಲಿಂದಲೇ ತೊಡೆಗೆ ಚುಚ್ಚಿ ಹಿಡಿದಳು. ಅವಳ ತುಟಿ ಅಂಕಿ ಎಣಿಸುತ್ತಿತ್ತು. ಆಮೇಲೆ ಕಾದರು. ಶಿಳ್ಳೆ ನಿಧಾನವಾಗಿ ಉಸಿರಾಯಿತು. ಇಳಿಜಾರಿನಲ್ಲಿ ಆಂಬ್ಯುಲೆನ್ಸಿನ ಹಸಿರು ಉಡುಪಿನ ಇಬ್ಬರು ಸ್ಟ್ರೆಚರ್ ಹಿಡಿದು ಇಳಿಯುವ ಹೊತ್ತಿಗೆ ಓರ್ಲಾ ಡೋರೀನಳ ಎದೆಗೊರಗಿ ನಡುಗುತ್ತಿದ್ದಳು. ಹುಡುಗಿ ಬದುಕಿದಳು. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಡೋರೀನ್ ಅವನ ಪಕ್ಕದಲ್ಲೇ ಕೂತಳು. ಕಾಲುಚೀಲ ಹರಿದು ಮಂಡಿಯಲ್ಲಿ ರಕ್ತ ಒಣಗಿತ್ತು. ಊರಿನ ಮೊದಲ ದೀಪಗಳು ಕಂಡಾಗ ಅವಳು ಕೇಳಿದಳು, "ಬ್ರೋನಾಗೆ ಏನು ಹೇಳ್ತೀಯ?" "ಮರೆತು ಬಂದೆ ಅಂತ." "ಏನನ್ನ ಮರೆತಿದ್ದು?" ಅವನು ಕಿಟಕಿಯ ಕಡೆ ತಿರುಗಿದ. ಅವಳು ಕರವಸ್ತ್ರಕ್ಕೆ ಉಗುಳು ಹಚ್ಚಿ ಮಂಡಿ ಒರೆಸಿಕೊಳ್ಳುತ್ತಾ, ಗಣಿತದ ತಪ್ಪೊಂದನ್ನು ತೋರಿಸುವ ದನಿಯಲ್ಲಿ, "ನನ್ನ ಕೇಕು ಚೆನ್ನಾಗಿಲ್ಲ ಅಂದಿದ್ರೆ ನಾನೇನು ಸಾಯ್ತಿದ್ನಾ ಲಯನಲ್?" ಎಂದಳು.

ಸತ್ಯ ಹೇಳಿಬಿಡುವುದೆಂದು ಆ ರಾತ್ರಿ ತೀರ್ಮಾನಿಸಿದ. ತೀರ್ಮಾನಿಸಿದ ಕೂಡಲೇ ನಿದ್ರೆ ಬಂದದ್ದನ್ನು ನೆನೆದು ಬೆಳಿಗ್ಗೆ ಅವನಿಗೆ ನಾಚಿಕೆಯಾಯಿತು. ಓರ್ಲಾಳನ್ನು ಆಗಷ್ಟೇ ಮನೆಗೆ ಕರೆತಂದಿದ್ದರು. ಬ್ರೋನಾ ಮಾತ್ರ, ಡೋರೀನ್‌ಗೂ ಅವನಿಗೂ ಧನ್ಯವಾದ ಹೇಳಿಹೋಗಲೆಂದು, ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಂದಳು. ಬಂದವಳೇ ಅವನನ್ನು ತಬ್ಬಿಕೊಂಡಳು. ಅವಳ ತಲೆಗೂದಲಿನಿಂದ ಆಸ್ಪತ್ರೆಯ ಸಾಬೂನಿನ ವಾಸನೆ ಬರುತ್ತಿತ್ತು. ಹೆಣ್ಣೊಬ್ಬಳು ಅವನನ್ನು ತಬ್ಬಿ ಎಷ್ಟೋ ವರ್ಷಗಳಾಗಿದ್ದವು. ಆ ಗಳಿಗೆಯಲ್ಲೂ ಅವನ ದೇಹಕ್ಕೆ ಅದು ಹಿತವಾಯಿತೆಂಬುದನ್ನು ಅವನು ಕ್ಷಮಿಸಿಕೊಳ್ಳಲಾರದಾದ. "ಬ್ರೋನಾ, ನನಗೆ ಅಲರ್ಜಿ ಇಲ್ಲ," ಎಂದ. "ಯಾವತ್ತೂ ಇರಲಿಲ್ಲ. ಸುಳ್ಳು ಹೇಳಿದ್ದೆ." ಬ್ರೋನಾ ಅವನ ಕೆನ್ನೆಗಳನ್ನು ಎರಡೂ ಕೈಯಲ್ಲಿ ಹಿಡಿದಳು. "ಅಯ್ಯೋ, ನೋಡ್ರಪ್ಪ ಇವರನ್ನ," ಅಂದಳು, ಕಣ್ಣು ತುಂಬಿಕೊಂಡು. "ನನ್ನ ಓರ್ಲಾನೂ ಹೀಗೇ. ಐದು ವರ್ಷದವಳಿದ್ದಾಗ ಆಸ್ಪತ್ರೆಯಿಂದ ಬಂದು ಒಂದು ತಿಂಗಳು, ನನಗೇನೂ ಇಲ್ಲ, ನನಗೇನೂ ಇಲ್ಲ ಅಂತಾನೇ ಇದ್ಲು. ಹೆದರಿಕೆಗೆ ಹಾಗಾಗುತ್ತೆ ಅಂತ ಡಾಕ್ಟರೇ ಹೇಳಿದ್ರು. ನೀವು ನಿಮ್ಮ ಕಣ್ಣಾರೆ ನೋಡಿದ್ದು, ನಿಮಗೇ ಆಗಬಹುದಾಗಿದ್ದನ್ನಲ್ವಾ?" "ಇಲ್ಲ ಬ್ರೋನಾ, ಕೇಳಿ, ಲೀಡ್ಸಲ್ಲಿ ಪ್ರತಿ ಶನಿವಾರ ನಾನು ಪಿಸ್ತಾ..." "ಸಾಕು ಸಾಕು, ಕೂತ್ಕೊಳ್ಳಿ. ಯಾರಾದ್ರೂ ಇವರಿಗೆ ಸಕ್ಕರೆ ಜಾಸ್ತಿ ಹಾಕಿ ಟೀ ಕೊಡಿ." ಕೊಟ್ಟರು. ಹಾಲು ಹಾಕಬಹುದೇ ಎಂದು ಒಬ್ಬರು ಕೇಳಿದರು, ಇಂಥ ಹೊತ್ತಿನಲ್ಲಿ ಬೇಡವೆಂದು ಇನ್ನೊಬ್ಬರು ಅಂದರು. ಪೆನ್ನಿಲ್ಲದೆ ಗುಡ್ಡ ಹತ್ತಿದ್ದಾನಲ್ಲ, ಹುಡುಗಿಗಾಗಿ ಚಿಂತಿಸುತ್ತಾ ತನ್ನನ್ನೇ ಮರೆತಿದ್ದಾನೆ ಎಂದು ಮೂಲೆಯಿಂದ ಯಾರೋ ಬಿಕ್ಕಿದರು. ಆ ವಾರವೇ ಎಲ್ಲರೂ ಸೇರಿ ಅವನ ಚಂದಾವನ್ನು ಇನ್ನೂ ಎರಡು ವರ್ಷಕ್ಕೆ ಮುಂದುವರಿಸಿದರು. ಕಂಪನಿಯವರ ಧನ್ಯವಾದದೊಂದಿಗೆ ಒಂದು ಹೆಚ್ಚಿನ ಡಬ್ಬ ಕೂಡಲೇ ಬಂತು, ದೊಡ್ಡದು, ಕರಡಿಮರಿಗೆ ಕಿರೀಟವಿತ್ತು. ಡೋರೀನ್ ಕತ್ತರಿ ತಂದು ಕೊಟ್ಟಳು. ಬೀನ್ಸಿನ ಹಿಟ್ಟಿನ ಉಂಡೆಯೊಂದನ್ನು ಆರಿಸಿ ಅವನ ಬಾಯಿಯ ಮಟ್ಟಕ್ಕೆ ಹಿಡಿದು, ಅವನಿಗೆ ಮಾತ್ರ ಕೇಳುವಂತೆ, "ತಿನ್ನು. ಒಂದು ಚೂರೂ ಬಿಡಬೇಡ," ಎಂದಳು.

ಸತ್ಯ ಹೇಳಿದ ಮೇಲೂ ತಾನು ಹಾಗೇ ಉಳಿದೆನಲ್ಲ ಎಂಬುದು ಲಯನಲ್‌ಗೆ ಮೊದಲು ವಿಚಿತ್ರವಾಗಿ ಕಂಡಿತು, ಆಮೇಲೆ ಅವಮಾನವಾಗಿ. ಅವನ ಸುಳ್ಳನ್ನು ಒಂದೇ ಮಾತಿಗೆ ನಂಬಿದ ಜನ ಸತ್ಯಕ್ಕೆ ಟೀ ಕುಡಿಸಿ ಮಲಗಿಸಿದ್ದರು. ಹತ್ತು ದಿನ ಕಳೆದು ಓರ್ಲಾ ಶಾಲೆಗೆ ಬಂದಳು. ಭೂಗೋಳದ ತರಗತಿಯಲ್ಲಿ ಮುಂದಿನ ಬೆಂಚು ಬಿಟ್ಟು ಕೊನೆಯದಕ್ಕೆ ಹೋಗಿ ಕೂತಳು. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಉಳಿದಳು. ಹೆಗಲಲ್ಲಿ ಬ್ಯಾಗಿತ್ತು. ಅವನು ಬೋರ್ಡು ಒರೆಸುತ್ತಲೇ ಇದ್ದ, ಒರೆಸುವುದಕ್ಕೆ ಏನೂ ಉಳಿದಿರಲಿಲ್ಲ.

"ಯಾಕೆ ಸರ್?"

ಅವನು ಸಿದ್ಧಮಾಡಿಕೊಂಡಿದ್ದ ಉತ್ತರಗಳು ಬೇಕಾದಷ್ಟಿದ್ದವು. ಕೇಕಿನ ಕಥೆಯಿತ್ತು, ಬೆಕ್ಕಿನ ಕೂದಲಿತ್ತು, ಬೇರೆಯವರು ಸೇರಿಸಿದ್ದು ಎಂಬುದಿತ್ತು. "ಯಾರಾದ್ರೂ ಕೇಳ್ಲಿ ಅಂತ," ಎಂದ. ದನಿ ಅವನದೇ ಅನ್ನಿಸಲಿಲ್ಲ. "ನಿಮಗೆ ಇದು ಆಗುತ್ತಾ ಅಂತ ಯಾರಾದ್ರೂ ನನ್ನ ಕೇಳ್ಲಿ ಅಂತ."

"ಅಷ್ಟಕ್ಕೇನಾ?" ಓರ್ಲಾ ಅವನನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ನನ್ನನ್ನ ದಿನಾ ಎಲ್ರೂ ಕೇಳ್ತಾರೆ ಸರ್. ಕೇಳಿ ಕೇಳಿ ಸಾಕಾಗಿದೆ. ಒಂದು ದಿನ ಯಾರೂ ಕೇಳದೆ ಏನಾದ್ರೂ ಬಾಯಿಗೆ ಹಾಕ್ಕೊಳ್ಳೋಕೆ ನಾನು ಏನು ಬೇಕಾದ್ರೂ ಕೊಡ್ತೀನಿ."

"ನಿಮ್ಮ ಅಮ್ಮನಿಗೆ ಹೇಳ್ದೆ. ಅವರು ನಂಬ್ಲಿಲ್ಲ. ನೀನು ಹೇಳು, ನಂಬ್ತಾರೆ. ಕನ್ನಡಕ ನೋಡಿದೀಯಲ್ಲ."

"ಇಲ್ಲ." ಅವಳು ತಕ್ಷಣ ಹೇಳಿದಳು, ಇದನ್ನೆಲ್ಲ ಆಸ್ಪತ್ರೆಯ ಹಾಸಿಗೆಯಲ್ಲೇ ಯೋಚಿಸಿ ಮುಗಿಸಿದವಳಂತೆ. "ನಾನು ಹೇಳಲ್ಲ. ನೀವೂ ಇನ್ಮೇಲೆ ಹೇಳ್ಬಾರ್ದು. ಅಮ್ಮ ಶುಕ್ರವಾರ ಬಾಗಿಲ ಹತ್ರ ನಿಂತ್ಕೊಂಡು ನಿಮ್ಮನ್ನ ಯಾಕೆ ನೋಡ್ತಾಳೆ ಗೊತ್ತಾ ಸರ್?"

ಲಯನಲ್‌ನ ಕಿವಿ ಬಿಸಿಯಾಯಿತು. ಟೈ ನೆನಪಾಯಿತು.

"ನಾನು ದೊಡ್ಡವಳಾಗೋವರೆಗೆ ಬದುಕಿರ್ತೀನೋ ಇಲ್ವೋ ಅಂತ ಅವಳಿಗೆ ಭಯ. ಆಮೇಲೆ ನೀವು ಸಿಕ್ಕಿದ್ರಿ. ಐವತ್ತು ವರ್ಷ ಆಗಿದೆ, ಕೂದಲು ಉದುರಿದೆ, ಹೊಟ್ಟೆ ಬಂದಿದೆ, ಆದ್ರೂ ಬದುಕಿದಾರೆ. ಹಾಗಂತ ಅಜ್ಜಿಗೆ ಫೋನಲ್ಲಿ ಹೇಳ್ತಾಳೆ. ನಿಮ್ಮನ್ನ ನೋಡಿದ ದಿನ ನಿದ್ದೆ ಮಾಡ್ತಾಳೆ ಸರ್. ಅವಳು ಡಾಕ್ಟರ ಮಾತು ನಂಬಲ್ಲ, ನಿಮ್ಮ ಹೊಟ್ಟೆ ನಂಬ್ತಾಳೆ." ಅವಳು ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. "ಅದಕ್ಕೆ ನೀವು ಇರ್ಬೇಕು. ಹೀಗೇ. ಇನ್ನು ನನ್ನ ಹತ್ರ ಮಾತ್ರ ನಿಮ್ಮ ಅಲರ್ಜಿ ಕಥೆ ಹೇಳ್ಬೇಡಿ."

ಬಾಗಿಲು ಮುಚ್ಚಿದ ಮೇಲೂ ಅವನು ಡಸ್ಟರು ಹಿಡಿದು ನಿಂತಿದ್ದ. ಕಿಟಕಿಯಾಚೆ ಹುಡುಗಿಯರು ಚೆಂಡಾಡುತ್ತಿದ್ದರು. ತನ್ನನ್ನು ಯಾರೂ ಪ್ರೀತಿಸಿರಲಿಲ್ಲ. ಒಂದು ಐವತ್ತು ವರ್ಷದ ದೇಹ ಇನ್ನೂ ಓಡಾಡುತ್ತಿದೆ ಎಂಬುದನ್ನು ಮಾತ್ರ ಪ್ರೀತಿಸಿದ್ದರು. ಅದು ಯಾರ ದೇಹವಾದರೂ ಆಗಬಹುದಿತ್ತು. ಈ ಅರಿವು ಬಂದಾಗ ದೊಡ್ಡದೇನೋ ಕುಸಿಯುತ್ತದೆಂದು ಅವನು ಕಾದ. ಹಸಿವಾಯಿತು, ಅಷ್ಟೆ.

ಅಲರ್ಜಿ ಇರುವ ಮಕ್ಕಳ ತಂದೆತಾಯಿಯರಿಗಾಗಿ ಬ್ರೋನಾ ಒಂದು ಸಂಜೆ ಶಾಲೆಯ ಸಭಾಂಗಣದಲ್ಲಿ ಸಭೆ ಏರ್ಪಡಿಸಿದಳು. ಅಕ್ಕಪಕ್ಕದ ಊರುಗಳಿಂದಲೂ ಬಂದಿದ್ದರು. ನರ್ಸು ಮಾತಾಡಿದಳು, ಡೋರೀನ್ ಓಡಿದ ಕಥೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವಳು ಬೈದುಕೊಂಡಂತೆ ಏನೋ ಗೊಣಗಿ ಕೂತಳು. ಕೊನೆಗೆ ಲಯನಲ್‌ನನ್ನು ಕರೆದರು. ಮುಂದಿನ ಸಾಲಿನಲ್ಲಿ ಓರ್ಲಾ ತೊಡೆಯ ಕೆಳಗೆ ಕೈಯಿಟ್ಟುಕೊಂಡು ಕೂತಿದ್ದಳು. ಅವನು ಹೆಚ್ಚೇನೂ ಹೇಳಲಿಲ್ಲ. ಅವಳ ಎದುರು ಯಾವ ಕಥೆಯೂ ಬಾಯಿಗೆ ಬರಲಿಲ್ಲ. ಎದೆಗೆ ಮಗು ಕಟ್ಟಿಕೊಂಡಿದ್ದ ಒಬ್ಬಳು ಚಿಕ್ಕ ಪ್ರಾಯದ ಹೆಂಗಸು ಎದ್ದು, "ಒಂದೇ ಕೇಳ್ತೀನಿ. ಇಷ್ಟು ವರ್ಷ ಆದ್ಮೇಲಾದ್ರೂ ಆ ಭಯ ಹೋಗುತ್ತಾ?" ಎಂದಳು. ಅವನು ಯೋಚಿಸಿದ. "ಇಲ್ಲ," ಎಂದ. "ಹೋಗಲ್ಲ. ಪ್ರತಿ ಸಲ ಬಾಗಿಲು ತೆಗೆದು ಜನ ಇರೋ ಕೋಣೆಗೆ ಕಾಲಿಡುವಾಗ್ಲೂ ಇವತ್ತು ಆಗಿಬಿಡುತ್ತೆ ಅನ್ಸುತ್ತೆ. ಆಗದೆ ಇದ್ರೆ ಮನೆಗೆ ಹೋಗಿ ಮಲಗೋದು." ಸಭಾಂಗಣದಲ್ಲಿ ಮೂಗೆಳೆದುಕೊಳ್ಳುವ ಸದ್ದು ಕೇಳಿತು. ಇಷ್ಟು ಪ್ರಾಮಾಣಿಕವಾಗಿ ಯಾರೂ ತಮಗೆ ಹೇಳಿರಲಿಲ್ಲವೆಂದು ಒಬ್ಬ ಗಂಡಸು ಹಿಂದಿನಿಂದ ಕೂಗಿ ಹೇಳಿದ.

ಸಭೆ ಮುಗಿದ ಮೇಲೆ ಆ ಹೆಂಗಸು ವೇದಿಕೆಯ ಬಳಿ ಬಂದು, ಕಟ್ಟು ಬಿಚ್ಚಿ, ಮಗುವನ್ನು ಅವನ ಕೈಗೆ ಕೊಟ್ಟಳು. ಫೋಟೋ ಬೇಕಂತೆ. ದೊಡ್ಡವಳಾದ ಮೇಲೆ ತೋರಿಸುವುದಕ್ಕೆ. ಲಯನಲ್ ಮಗುವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಭಾರವಿತ್ತು, ಬೆಚ್ಚಗಿತ್ತು, ಅವನ ಕೋಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಬ್ರೋನಾ ತಾನೂ ಪಕ್ಕಕ್ಕೆ ಬಂದು ನಿಂತು, ಮಗಳ ಕಡೆ ಫೋನು ಚಾಚಿ, "ನೀನೇ ತೆಗಿ ಓರ್ಲಾ," ಎಂದಳು. ಓರ್ಲಾ ಫೋನು ತೆಗೆದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು ಕಣ್ಣಿನ ಮಟ್ಟಕ್ಕೆ ಹಿಡಿದಳು.

"ನಗಿ ಸರ್," ಅಂದಳು.

ಅವನು ನಕ್ಕ.

"ಇನ್ನೂ," ಅಂದಳು ಓರ್ಲಾ.